ಕಲಿಯುವವರ ಕೈ

ಯಾರಾದರೂ ಎದ್ದು ಬಾಗಿಲು ಮುಂದಕ್ಕೆ ಮಾಡಿ ಬನ್ನಿ. ಚಿಲಕ ಬೇಡ, ಮುಂದಕ್ಕೆ ಮಾಡಿದರೆ ಸಾಕು. ಇದನ್ನ ನಾನು ಬಾಗಿಲು ತೆರೆದಿಟ್ಟು ಯಾವತ್ತೂ ಹೇಳಿದವನಲ್ಲ.

ನಮ್ಮ ದೊಡ್ಡಮ್ಮನ ಮಗ ಚನ್ನಕೇಶವ ಗೊತ್ತಲ್ಲ... ಪೆರೇಸಂದ್ರದಿಂದ ಒಳಕ್ಕೆ ಮೂರು ಕಿಲೋಮೀಟರು, ಕೊಂಡೇನಹಳ್ಳಿಯವನು. ಅವನಿಗೆ ಆದದ್ದು ಇದು. ಎರಡು ಸಾವಿರದ ಏಳನೇ ಇಸವಿ, ಧನುರ್ಮಾಸ. ಬಾಯಿ ತೆರೆದರೆ ಹೊಗೆ ಬರುವಂಥ ಚಳಿ.

ರಾತ್ರಿ ಹನ್ನೊಂದು ದಾಟಿತ್ತು. ಕೇಶವ ಊರಿನ ಕಡೆ ಒಬ್ಬನೇ ನಡೆದು ಬರುತ್ತಿದ್ದ. ಜೇಬಿನಲ್ಲಿ ಹೊಸಾ ಪಿಕಪ್ಪಿನ ಕೀ. ಕೊಂಡು ಇನ್ನೂ ಮೂರೇ ತಿಂಗಳಾಗಿತ್ತು, ಸೀಟಿನ ಪ್ಲಾಸ್ಟಿಕ್ಕೂ ತೆಗೆದಿರಲಿಲ್ಲ. ದೊಡ್ಡ ಗಾಡಿ, ಒಂದೂಕಾಲು ಟನ್ನು ಕಣ್ಣುಮುಚ್ಚಿ ಹೊರುವಂಥದ್ದು. ಅಂಥ ಗಾಡಿ ಇಟ್ಟುಕೊಂಡು ಮನುಷ್ಯ ನಡೆದು ಬರುತ್ತಾನೆ ಅಂದರೆ ಏನೋ ಇದೆ ಅಂತ ತಾನೇ ಅರ್ಥ? ಗಾಡಿ ಹಿಂದೆ ಆಲದ ಮರದ ಕೆಳಗೆ ನಿಂತಿತ್ತು. ಅವನು ನಿಲ್ಲಿಸಿದ್ದಲ್ಲ. ಊರಿನ ಕಡೆ ನೇರ ಬರುತ್ತಿದ್ದ ಗಾಡಿ ಮರದ ಹತ್ತಿರ ಬಂದದ್ದೇ ಎಡಕ್ಕೆ ಎಳೆದುಕೊಂಡು ರಸ್ತೆ ಬಿಟ್ಟು ಇಳಿದು, ಬುಡಕ್ಕೆ ಮೂತಿ ಒತ್ತಿಕೊಂಡು ನಿಂತುಬಿಟ್ಟಿತು. ಇವನು ಎರಡು ಕೈಯಲ್ಲಿ ಸ್ಟೇರಿಂಗ್ ಬಲಕ್ಕೆ ತಿರುಗಿಸಿ ಹಿಡಿದೇ ಇದ್ದ... ಆದರೂ.

ಇಪ್ಪತ್ತು ಹೆಜ್ಜೆ ಬಂದಿರಬೇಕು. ಹಿಂದೆ ಸದ್ದಾಯಿತು.

ಕರ್ರ್...

ನಿಂತ. ಜೀರುಂಡೆ ಸದ್ದು ಕೂಡ ಇಲ್ಲ.

ಕರ್ರ್... ಕರ್ರ್... ಆಮೇಲೆ ಒಂದು ಸಣ್ಣ 'ಟಕ್'.

ಡ್ರೈವರಾದವನಿಗೆ ಆ ಸದ್ದು ಬಿಡಿಸಿ ಹೇಳಬೇಕಾಗಿಲ್ಲ. ನಿಂತ ಗಾಡಿಯ ಮುಂದಿನ ಚಕ್ರ ಜಲ್ಲಿಯ ಮೇಲೆ ಇದ್ದಲ್ಲೇ ತಿರುಗುವ ಸದ್ದು ಅದು. ಪೂರ್ತಿ ಎಡಕ್ಕೆ. ಕೊನೆ ಮುಟ್ಟಿದಾಗ 'ಟಕ್'. ಮತ್ತೆ ಪೂರ್ತಿ ಬಲಕ್ಕೆ. ಇಂಜಿನ್ ಆಫ್ ಆಗಿದ್ದರೆ ಆ ಸ್ಟೇರಿಂಗ್ ಕಲ್ಲಿನಷ್ಟು ಗಟ್ಟಿ, ಇಬ್ಬರು ಸೇರಿ ಎಳೆದರೂ ಒಂದು ಗೇಣು ತಿರುಗದು. ಮೇಲಾಗಿ ಕೀ ಕಿತ್ತರೆ ಲಾಕ್ ಬೀಳುತ್ತದೆ. ಕೀ ಇವನ ಜೇಬಿನಲ್ಲಿದೆ. ತೊಡೆಗೆ ಒತ್ತುತ್ತಿದೆ.

ಕರ್ರ್... ಟಕ್... ಕರ್ರ್...

ಓಡಲಿಲ್ಲವಂತೆ. ಓಡಿದರೆ ಹಿಂದಿನಿಂದ ಸ್ಟಾರ್ಟ್ ಆಗುತ್ತೇನೋ ಅಂತ ಭಯ. ಬೇಗ ಬೇಗ ನಡೆದು ಮನೆ ಸೇರಿದ.

ಹೆಂಡತಿ ಪವಿತ್ರ ಎದ್ದೇ ಇದ್ದಳು. ಹಜಾರದಲ್ಲಿ ಅತ್ತೆ ಮಲಗಿದ್ದರಿಂದ ಪಿಸುಮಾತಲ್ಲೇ ಕೇಳಿದಳು.

"ಗಾಡಿ ಎಲ್ರೀ?"

"ಮರದತ್ರ."

"ಡೀಸೆಲ್ ಆಗೋಯ್ತಾ?"

"ಇಲ್ಲ."

"ಮತ್ತೆ?"

"ಬರ್ಲಿಲ್ಲ ಕಣೇ. ಕೇಳ್ಬೇಡ, ಮಲಕ್ಕೋ."

ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆಯ ಕಡೆ ಹೊರಳಿದಳು. ಎಂಟು ತುಂಬಿ ಒಂಬತ್ತರಲ್ಲಿದ್ದಳು. ಇದಕ್ಕೆ ಮೊದಲು ಎರಡು ಸಲ ಬಸುರು ನಿಂತು, ಎರಡು ಸಲವೂ ಕಳೆದುಹೋಗಿತ್ತು. ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಈ ಸಲ ಕಡ್ಡಿ ಮುರಿದಂತೆ ಹೇಳಿದ್ದರು: ನೋವು ಬಂದ ಗಳಿಗೆ ಕರೆದುಕೊಂಡು ಬನ್ನಿ, ಬೆಳಗಾಗಲಿ ಅಂತ ಕಾಯಬೇಡಿ, ಕಾದರೆ ನಾನು ಹೊಣೆ ಅಲ್ಲ. ಫೋನ್ ಮಾಡಿದರೆ ಆಂಬುಲೆನ್ಸ್ ಬರುವ ಕಾಲ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಊರಲ್ಲಿ ಇದ್ದದ್ದು ಎರಡು ಟ್ರ್ಯಾಕ್ಟರು, ಮತ್ತೆ ಈ ಪಿಕಪ್ಪು.

ಆ ಪಿಕಪ್ಪು ಮರ ದಾಟುವುದಿಲ್ಲ ಅನ್ನುತ್ತಿದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗೌರಿಹಬ್ಬದ ಮಾರನೇ ವಾರ ಗಾಡಿ ಬಂತು. ರೇಷ್ಮೆಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ, ಟೊಮೇಟೊ ಚಿಂತಾಮಣಿಗೆ, ವಾರಪೂರ್ತಿ ಬಾಡಿಗೆ ಸಿಗುತ್ತೆ ಅಂತ ಕೇಶವನ ಲೆಕ್ಕ. ಚಿಕ್ಕಬಳ್ಳಾಪುರದ ಶೋರೂಮಿನ ಮುಂದೆ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ತುಳಿಸಿ, ಮೂತಿಗೆ ಮಾರುದ್ದದ ಸೇವಂತಿಗೆ ಹಾರ ಹಾಕಿ ಹೊರಟ. ಅವರಮ್ಮ ವರಲಕ್ಷ್ಮಮ್ಮ ಬೆಳಗ್ಗೆಯೇ ಹೇಳಿ ಕಳಿಸಿದ್ದಳು. ಹೊಸಾ ಗಾಡಿಗೆ ಬೋಣಿ ಅಂದರೆ ಬೋಣಿ ಕಣಪ್ಪ, ಮೊದಲು ಹತ್ತೋದು ಬಾಳೆಗೊನೆಯೋ ತೆಂಗಿನಕಾಯೋ ಗೂಡೋ ಆಗಿರಬೇಕು, ದಾರೀಲಿ ಕಂಡ ಕಂಡದ್ದು ಹತ್ತಿಸಿಕೊಂಡು ಬರಬೇಡ. ನಮ್ಮ ಕಡೆ ಡ್ರೈವರುಗಳು ಇದನ್ನ ಮೀರುವುದಿಲ್ಲ. ಮೊದಲ ಲೋಡು ಹೆಣ ಆದರೆ ಆ ಗಾಡಿ ಹೆಣಾನೇ ಹೊರುತ್ತೆ ಅಂತ ಒಂದು ಮಾತಿದೆ.

ಹೈವೇ ಬಿಟ್ಟು ಊರ ರಸ್ತೆಗೆ ತಿರುಗಿದಾಗ ಕತ್ತಲಾಗಿತ್ತು. ಆಲದ ಮರದ ಹತ್ತಿರ ಹೆಡ್‌ಲೈಟಿಗೆ ಜನ ಕಂಡರು. ನಾಲ್ಕು ಗಂಡಸರು, ಹೆಗಲ ಮೇಲೆ ಬಿದಿರು. ಬಿದಿರಿನ ಮೇಲೆ ಕಂಬಳಿ ಹೊದಿಸಿ ಮಲಗಿಸಿದ ಮನುಷ್ಯ. ಎದೆಯ ಮೇಲೆ ಬೇವಿನ ಸೊಪ್ಪು. ಪಕ್ಕದಲ್ಲಿ ತಲೆ ಕೆದರಿದ ಒಬ್ಬ ಹೆಂಗಸು. ಅವಳು ಎರಡೂ ಕೈ ಚಾಚಿ ಗಾಡಿಗೆ ಅಡ್ಡ ಬಂದಳು.

ನಿಲ್ಲಿಸಿದ. ಅಷ್ಟರಮಟ್ಟಿಗೆ ಒಳ್ಳೆಯವನೇ ನಮ್ಮ ಕೇಶವ.

"ಅಪ್ಪಾ, ಒಂಚೂರು ಹತ್ತಿಸ್ಕೋ ನಾಯನಾ... ನಿನ್ ಕಾಲಿಗೆ ಬೀಳ್ತೀನಿ."

"ಹೊಸಾ ಗಾಡಿ ಕಣಮ್ಮ. ಇವತ್ತೇ ತರ್ತಾ ಇವ್ನಿ. ಬೇಜಾರ್ ಮಾಡ್ಕೋಬೇಡಿ."

ಬಾಯಲ್ಲಿ ಹಾಗಂದರೂ ಗಾಡಿ ಮುಂದಕ್ಕೆ ಬಿಡಲಿಲ್ಲ. ಬರಿಗೈಲಿ ಹೋಗುವುದು ಹೇಗೆ? ಕೆಳಗಿಳಿದ. ಗಾಡಿಯ ಮೂತಿಗೆ ಹಾಕಿದ್ದ ಸೇವಂತಿಗೆ ಹಾರ ಬಿಚ್ಚಿದ. ಮಲಗಿದ್ದವನ ಎದೆಯ ಮೇಲೆ, ಬೇವಿನ ಸೊಪ್ಪಿನ ಮೇಲೆ ಇಟ್ಟ. ಕೈಮುಗಿದ. ಹೆಣಕ್ಕೆ ಕೈಮುಗಿದ ಮೇಲೆ ತಿರುಗಿ ನೋಡಬಾರದು ಅಂತಾರಲ್ಲ, ಹಾಗೇ ತಿರುಗದೆ ಗಾಡಿ ಹತ್ತಿ ಹೊರಟುಬಿಟ್ಟ. ಹಿಂದೆ ಗಂಡಸರು ಏನೋ ಕೂಗಿದರು. ಸಾವಿನ ಮನೆಯವರು, ಕೂಗದೆ ಏನು ಮಾಡುತ್ತಾರೆ ಅಂದುಕೊಂಡ.

ಮಾರನೇ ದಿನದಿಂದ ಶುರುವಾಯಿತು.

ಮೊದಲು ಸಣ್ಣಗೆ. ನೇರ ರಸ್ತೆಯಲ್ಲಿ ಹೋಗುತ್ತಿದ್ದರೆ ಗಾಡಿ ಎಡಕ್ಕೆ ಒಂಚೂರು ವಾಲುವುದು. ಇವನು ಬಲಕ್ಕೆ ತಂದರೆ ಬೇಕಾದ್ದಕ್ಕಿಂತ ಜಾಸ್ತಿ ಬಲಕ್ಕೆ ಹೋಗುವುದು. ಮತ್ತೆ ಎಡಕ್ಕೆ. ಹೊಸಾ ಗಾಡಿ, ಸ್ಟೇರಿಂಗ್ ಸಡಿಲ ಇದ್ದೀತು ಅಂತ ಶೋರೂಮಿಗೆ ಹೋದ. ಅವರು ಓಡಿಸಿದರೆ ಬಾಣ ಬಿಟ್ಟ ಹಾಗೆ ನೇರ. ಅಲೈನ್‌ಮೆಂಟ್ ನೋಡಿದರು, ಸರಿ ಇದೆ. ಚಕ್ರ ಬಿಚ್ಚಿ ಬ್ಯಾಲೆನ್ಸ್ ಮಾಡಿದರು. ಇವನು ಮೂರನೇ ಸಲ ಹೋದಾಗ ಪಾಪ, ಸ್ಟೇರಿಂಗ್ ಬಾಕ್ಸನ್ನೇ ಬದಲಾಯಿಸಿ ಕೊಟ್ಟರು. ಕತ್ತಲಾದ ಮೇಲೆ ಇವನು ಒಬ್ಬನೇ ಕೂತರೆ ಮತ್ತೆ ಅದೇ. ಒಂದು ಸಲ ಗೂಡು ತುಂಬಿಕೊಂಡು ಬೆಳಗಿನ ಜಾವ ಶಿಡ್ಲಘಟ್ಟಕ್ಕೆ ಹೋಗುವಾಗ ಎದುರಿಗೆ ಬಂದ ಲಾರಿ ಕನ್ನಡಿ ಸವರಿಕೊಂಡು ಹೋಯಿತು. ಇನ್ನು ನಾಲ್ಕು ಬೆರಳಾಗಿದ್ದರೆ ಕತೆ ಮುಗಿದಿತ್ತು.

ಇನ್ನೊಂದು ವಿಷಯ ಅವನು ಶೋರೂಮಿನವರಿಗೆ ಹೇಳಲಿಲ್ಲ. ಹೇಳಿದರೆ ನಗೆಪಾಟಲಾಗುತ್ತೆ ಅಂತ. ಸ್ಟೇರಿಂಗ್ ಒದ್ದೆಯಾಗಿರುತ್ತಿತ್ತು. ಚಳಿಗಾಲದಲ್ಲಿ, ಬೆಚ್ಚಗೆ ಒದ್ದೆ. ಈಗತಾನೆ ಬಿಸಿನೀರಿನಿಂದ ತೆಗೆದ ಕೈ ಹಿಡಿದು ಬಿಟ್ಟ ಹಾಗೆ.

ಅಮ್ಮನಿಗೆ ಸ್ಟೇರಿಂಗ್ ಆಡುತ್ತೆ ಅಂತಷ್ಟೇ ಹೇಳಿದ. ಅವಳು ದೃಷ್ಟಿ ಅಂದಳು. ಕುಂಬಳಕಾಯಿ ಒಡೆದಿದ್ದಾಯಿತು, ತಡೆ ಒಡೆಸಿದ್ದಾಯಿತು, ಹಿಂದೆ ಹಳೇ ಚಪ್ಪಲಿ ಕಟ್ಟಿದ್ದೂ ಆಯಿತು. ಕಡೆಗೆ ಯಾರೋ ಅಂದರು, ಅಲೀಪುರದ ಅಬ್ಬಾಸ್ ಮೇಸ್ತ್ರಿ ಹತ್ತಿರ ಹೋಗು, ಮೂವತ್ತು ವರ್ಷದಿಂದ ಸ್ಟೇರಿಂಗ್ ಕೆಲಸಾನೇ ಮಾಡ್ತಾ ಅವ್ರೆ, ಕಣ್ಣುಮುಚ್ಚಿ ಕೈ ಇಟ್ಟರೆ ರೋಗ ಹೇಳ್ತಾರೆ ಅಂತ. ಗೌರಿಬಿದನೂರು ರಸ್ತೆಯಲ್ಲಿ ಅವರ ಶೆಡ್ಡು. ಬಿಳೀ ಗಡ್ಡ, ಮೆಲ್ಲಗೆ ಮಾತಾಡುವ ಮನುಷ್ಯ. ಹಗಲು ನೋಡಿದರು, ಏನೂ ಸಿಗಲಿಲ್ಲ. "ಕತ್ಲಾಗ್ಲಿ, ಹೋಗಣ," ಅಂದರು.

ಕತ್ತಲಾದ ಮೇಲೆ ಇಬ್ಬರೂ ಹೊರಟರು. ಕೇಶವ ಓಡಿಸುತ್ತಿದ್ದಾನೆ. ಮೇಸ್ತ್ರಿ ಪಕ್ಕದಲ್ಲಿ ಕೂತು ಎರಡೇ ಎರಡು ಬೆರಳು ಸ್ಟೇರಿಂಗಿನ ಕೆಳಗಡೆ ಇಟ್ಟಿದ್ದಾರೆ, ನಾಡಿ ನೋಡುವ ಹಾಗೆ. ಖಾಲಿ ರಸ್ತೆ. ಎರಡು ಕಿಲೋಮೀಟರು ಆಯಿತು...

"ಕೇಶವಣ್ಣ, ಕೈ ಬಿಡಿ."

"ಆಂ?"

"ಕೈ ಬಿಡಿ ಅಂದೆ. ನಿಧಾನಕ್ಕೆ ಹೋಗ್ಲಿ."

ಬಿಟ್ಟ. ಸ್ಟೇರಿಂಗ್ ತಾನಾಗಿ ಎಡಕ್ಕೆ ಒಂದು ಬೆರಳು ಹೋಯಿತು. ನಿಂತಿತು. ಗಾಬರಿಬಿದ್ದು ಸರಕ್ಕನೆ ಬಲಕ್ಕೆ ಎರಡು ಬೆರಳು ಬಂತು. ಜಾಸ್ತಿ ಆಯಿತು ಅಂತ ಮತ್ತೆ ಎಡಕ್ಕೆ. ಚರ್ಮ ಹೊದಿಸಿದ ಸ್ಟೇರಿಂಗಿನ ಮೇಲೆ 'ಕಿಚ್... ಕಿಚ್...' ಅಂತ ಒದ್ದೆ ಅಂಗೈ ಜಾರುವ ಸದ್ದು.

ಮೇಸ್ತ್ರಿ ಬೆರಳು ತೆಗೆದುಬಿಟ್ಟರು. "ನಿಲ್ಸಿ."

ಗಾಡಿ ನಿಂತಿತು. ಅವರು ಒದ್ದೆ ಬೆರಳು ಬಟ್ಟೆಗೆ ಒರೆಸಿಕೊಂಡರು. ಆಮೇಲೆ ಪಿಸುಗುಟ್ಟಿದರು.

"ಪ್ಲೇ ಅಲ್ಲ ಇದು. ಸಡಿಲ ಇದ್ರೆ ಎರಡೂ ಕಡೆ ಒಂದೇ ತರ ಆಡ್ತದೆ. ನಾನು ನಲವತ್ತು ಜನಕ್ಕೆ ಡ್ರೈವಿಂಗ್ ಕಲಿಸಿದೀನಿ ಕೇಶವಣ್ಣ. ಮೊದಲ ತಿಂಗಳು ಎಲ್ರೂ ಇಂಗೇ ಹಿಡೀತಾರೆ. ಭಯ ಬಿದ್ದು ಜಾಸ್ತಿ ತಿರುಗಿಸ್ತಾರೆ, ಆಮೇಲೆ ವಾಪಸ್ ತರ್ತಾರೆ..."

"ಅಂದ್ರೆ?"

"ಅಂದ್ರೆ ಇದು ಕಲಿಯೋರ ಕೈ."

ಬಾಗಿಲು ತೆಗೆದು ಇಳಿದರು. ಮತ್ತೆ ಹತ್ತಲಿಲ್ಲ. ಕೂಲಿ ಕೊಡಲು ಹೋದರೆ ಮುಟ್ಟಲಿಲ್ಲ. "ಮೊದಲ ಲೋಡು ಏನು ಹತ್ತಿಸಿದ್ರಿ?" ಅಂತ ಒಂದೇ ಮಾತು ಕೇಳಿದರು. ಇವನು ಗೂಡು ಅಂದ. ಆಮೇಲೆ ತಡೆದು, ಹತ್ತಿಸದೆ ಬಿಟ್ಟದ್ದನ್ನೂ ಹೇಳಿದ. ಮೇಸ್ತ್ರಿ ಕೆಮ್ಮಿದರು. "ಅವ್ರ ಮನೇಗೆ ಹೋಗಿ ಬನ್ನಿ. ಹಗಲೊತ್ತು ಹೋಗಿ," ಅಂದು ಎರಡು ಕಿಲೋಮೀಟರು ಕತ್ತಲಲ್ಲಿ ಶೆಡ್ಡಿಗೆ ನಡೆದೇ ಹೋದರು.

ಹುಡುಕುವುದು ಕಷ್ಟವಾಗಲಿಲ್ಲ. ಆಲದ ಮರದಿಂದ ಒಳಗೆ ಕಾಲುದಾರಿ ಹಿಡಿದರೆ ಹದಿನೈದು ಮನೆಯ ಸಣ್ಣ ಹಳ್ಳಿ. ಅಶ್ವತ್ಥಮ್ಮ ಅನ್ನುವವಳ ಮನೆ. ಸೊಸೆ ಕೂಲಿಗೆ ಹೋಗಿದ್ದಳು. ಅಶ್ವತ್ಥಮ್ಮ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಗೋಡೆಗೆ ಚಂದ್ರಿಕೆಗಳು ಒರಗಿದ್ದವು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ, ಬಾಗಿಲಿನಷ್ಟು ದೊಡ್ಡದು. ಅದರಲ್ಲಿ ಒಂದಕ್ಕೆ ಹಗ್ಗದ ಗಂಟು ಇನ್ನೂ ಹಾಗೇ ಇತ್ತು, ಹೆಗಲಿಗೆ ಏರಿಸಲು ಕಟ್ಟಿದ್ದ ಗಂಟು.

ಕೇಶವ ಆ ಗಂಟು ಮುಟ್ಟಿ ನೋಡಿದ. ಚಟ್ಟವಲ್ಲ ಅದು. ಹುಟ್ಟಿದಾಗಿನಿಂದ ಚಂದ್ರಿಕೆ ನೋಡುತ್ತಾ ಬೆಳೆದ ರೇಷ್ಮೆಯವನು, ಹೆಗಲ ಮೇಲೆ ಕಂಡಾಗ ಚಟ್ಟ ಅಂದುಕೊಂಡಿದ್ದ.

ಅವಳು ಗುರುತು ಹಿಡಿದಳು. ಬೈಯಲಿಲ್ಲ. ಮಣೆ ಹಾಕಿದಳು.

"ನನ್ ಮಗ ಆವಲಪ್ಪ ಕಣಪ್ಪ. ಮದ್ಯಾನ ಸೊಪ್ಪಿನ ರಾಶಿಗೆ ಕೈ ಹಾಕ್ದಾಗ ಹಾವು ಕಚ್ಚೈತೆ. ಮುಳ್ಳು ಅಂದ್ಕೊಂಡ. ಸಂಜೆ ಹೊತ್ಗೆ ರೆಪ್ಪೆ ಎತ್ತಕ್ಕಾಗ್ದು, ಮಾತು ಬಿದ್ದೋಯ್ತು. ಮನೇಲಿ ಮಂಚ ಇಲ್ಲ, ಚಂದ್ರಿಕೆ ಮೇಲೆ ಹೊತ್ಕೊಂಡು ಬಂದ್ವು."

ಕೇಶವ ಚಂದ್ರಿಕೆಯ ಕಡೆ ಕೈ ತೋರಿಸಿದ. "ಅಮ್ಮಾ... ಆವಾಗ..."

"ಉಸಿರಿತ್ತಪ್ಪ."

ಅವಳು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು.

"ಹಾರ ಯಾಕೆ ಹಾಕ್ದ ಇವ್ನು ಅಂತ ನಂಗೆ ತಿಳೀಲೇ ಇಲ್ಲ. ದೇವ್ರಿಗೆ ಹಾಕಿದ್ ಹಾರ, ಒಳ್ಳೇದಾಗ್ಲಿ ಅಂತ ಹಾಕ್ದೇನೋ ಅಂದ್ಕಂಡೆ. ನೀನು ಹೋದ್ಮೇಲೆ ನೋಡ್ತೀನಿ, ಮಗನ ಕಣ್ಣಂಚಲ್ಲಿ ನೀರು. ಕೇಳಿಸ್ತಿತ್ತು ಅಂತ ಕಾಣತ್ತೆ ಅವ್ನಿಗೆ. ಹೈವೇ ಮುಟ್ಟೋ ಹೊತ್ಗೆ ತಣ್ಣಗಾಗಿದ್ದ."

ಕೇಶವ ಅವಳ ಕಾಲ ಮೇಲೆ ಬಿದ್ದ. ಅವಳು ಎಬ್ಬಿಸಿದಳು.

"ನೀನೊಬ್ನೇ ಏನಪ್ಪಾ? ನಿನಗಿಂತ ಮುಂಚೆ ಮೂರು ಗಾಡಿ ನಿಲ್ಲಿಸ್ಲೇ ಇಲ್ಲ. ನೀನಾದ್ರೂ ನಿಲ್ಲಿಸ್ದೆಯಲ್ಲ. ಅವ್ನು ಯಾರಿಗೂ ಕೇಡು ಬಗೆಯೋನಲ್ಲ ಬಿಡು. ಗಾಡಿ ಅಂದ್ರೆ ಪ್ರಾಣ ಅವ್ನಿಗೆ. ಶಿಡ್ಲಘಟ್ಟದಾಗೆ ನೂಲು ಬಿಚ್ಚೋ ಕೆಲ್ಸ, ದಿನಾ ಬಿಸಿನೀರಾಗೆ ಕೈ ಬೆಂದು ಬೆಂದು ಹಣ್ಣಾಗಿದ್ವು. ಇದು ಸಾಕಮ್ಮ, ಡ್ರೈವರ್ ಆಗ್ತೀನಿ ಅಂತ ಭಾನ್ವಾರ ಭಾನ್ವಾರ ಕಲಿಯಕ್ಕೋಗ್ತಿದ್ದ. ಇನ್ನೂ ಪೂರ್ತಿ ಬಂದಿರ್ಲಿಲ್ಲ. ಆಳು ಗಿಡ್ಡ, ಪೆಡಲು ಕಾಲಿಗೆ ಎಟುಕಲ್ಲಮ್ಮ ಅಂತ ನಗ್ತಿದ್ದ."

ಬೈದಿದ್ದರೆ ಎಷ್ಟೋ ವಾಸಿ ಇತ್ತು ಅಂತಾನೆ ಕೇಶವ. ಶಾಪ ಹಾಕಿದ್ದರೆ ಪರಿಹಾರ ಮಾಡಿಸಬಹುದಿತ್ತು. ಮಣೆ ಹಾಕಿ ನೀರು ಕೊಟ್ಟವಳ ಮುಂದೆ ಮನುಷ್ಯ ಏನು ಮಾಡಬೇಕು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಸುಮ್ಮನೆ ಎದ್ದು ಬಂದ. ಅವತ್ತಿನಿಂದ ಸ್ಟೇರಿಂಗ್ ಎಡಕ್ಕೆ ಎಳೆದರೂ ಬಲಕ್ಕೆ ಎಳೆದರೂ ಬೈಯುತ್ತಿರಲಿಲ್ಲವಂತೆ. "ನಿಧಾನ ಕಣಪ್ಪ, ನಿಧಾನ," ಅನ್ನುತ್ತಿದ್ದನಂತೆ, ಖಾಲಿ ಗಾಡಿಯಲ್ಲಿ. ಮಾರೋಣ ಅಂದರೆ ಕೊಳ್ಳುವವನ ತಲೆಗೆ ಕಟ್ಟಿದ ಹಾಗೆ. ಇಟ್ಟುಕೊಳ್ಳೋಣ ಅಂದರೆ ಯಾವತ್ತು ಲಾರಿ ಕೆಳಗೆ ನುಗ್ಗಿಸುತ್ತೋ ಗೊತ್ತಿಲ್ಲ. ಹೆಂಡತಿಗೆ ಹೇಳುವ ಹಾಗಿಲ್ಲ.

ಇದೆಲ್ಲ ಆಗಿ ಹತ್ತು ದಿನಕ್ಕೆ ನಾನು ಮೊದಲು ಹೇಳಿದ ಆ ರಾತ್ರಿ. ಗಾಡಿ ಮರದ ಬುಡದಲ್ಲಿ. ಕೇಶವ ಮನೆಯಲ್ಲಿ, ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡು.

ಒಂದೂವರೆ ಇರಬೇಕು. ಪವಿತ್ರ ಅವನ ತೋಳು ಹಿಡಿದಳು. ಉಗುರು ನಾಟಿತು.

"ರೀ... ಬಂತು."

ವರಲಕ್ಷ್ಮಮ್ಮ ಎದ್ದಳು. ಪಕ್ಕದ ಮನೆಯ ಗಂಗುಲಮ್ಮ ಬಂದಳು, ಊರಲ್ಲಿ ಹತ್ತಾರು ಹೆರಿಗೆ ಮಾಡಿಸಿದ ಮುದುಕಿ. ಮುಟ್ಟಿ ನೋಡಿ ಮುಖ ಸಣ್ಣದು ಮಾಡಿಕೊಂಡಳು. "ಮಗು ಅಡ್ಡ ಐತೆ ಕಣೋ ಕೇಶವ. ನನ್ ಕೈಲಾಗಲ್ಲ. ಎತ್ತು ಇವ್ಳನ್ನ, ತಡ ಮಾಡ್ಬೇಡ." ಟ್ರ್ಯಾಕ್ಟರು ಎರಡೂ ಸಂಜೆಯೇ ಟೊಮೇಟೊ ಹೇರಿಕೊಂಡು ಚಿಂತಾಮಣಿಗೆ ಹೋಗಿದ್ದವು.

"ಗಾಡಿ ತತ್ತಾ," ಅಂದಳು ಅಮ್ಮ.

"ಊರೊಳಕ್ಕೆ ಬರಲ್ಲಮ್ಮ ಅದು."

"ಬರಲ್ಲ ಅಂದ್ರೇನೋ?"

"ಬರಲ್ಲ. ನಾನು ಹೋಗಿ ತಿರುಗ್ಸಿ ನಿಲ್ಲಿಸ್ತೀನಿ. ನೀವು ಇವ್ಳನ್ನ ಮರದತ್ರ ಕರ್ಕೊಂಡ್ ಬನ್ನಿ."

ಟಾರ್ಚು ಹಿಡಿದು ಓಡಿದ. ಈಗ ಓಡಿದ, ಭಯ ಇದ್ದರೂ. ಒಂದು ಕಿಲೋಮೀಟರು. ಮರ ಹತ್ತಿರವಾದಂತೆ ಕಿವಿಗೊಟ್ಟ. ಆ ಕರ್ರ್ ಇಲ್ಲ. ಎಲೆ ಅಲ್ಲಾಡುವುದೂ ಇಲ್ಲ.

ಟಾರ್ಚಿನ ಬೆಳಕು ಬಿಟ್ಟ.

ಗಾಡಿ ತಿರುಗಿ ನಿಂತಿತ್ತು.

ಹೋಗುವಾಗ ಮೂತಿ ಮರದ ಬುಡಕ್ಕಿತ್ತು. ಈಗ ಮೂತಿ ರಸ್ತೆಗೆ, ಹೈವೇ ಕಡೆಗೆ. ಮಣ್ಣಿನಲ್ಲಿ ಟೈರಿನ ಗುರುತು. ಒಂದು ಸಲಕ್ಕೆ ತಿರುಗಿಸಿದ್ದಲ್ಲ. ಒಂದಡಿ ಮುಂದೆ, ಒಂದಡಿ ಹಿಂದೆ, ಮತ್ತೆ ಮುಂದೆ, ಮತ್ತೆ ಹಿಂದೆ... ಎಂಟೋ ಹತ್ತೋ ಸಲ ಮಾಡಿ ಕಷ್ಟಪಟ್ಟು ತಿರುಗಿಸಿದ ಗುರುತು. ಕೇಶವ ಜೇಬು ಮುಟ್ಟಿಕೊಂಡ. ಕೀ ಇತ್ತು.

ಆಗ ಊರ ಕಡೆಯಿಂದ ಲಾಟೀನಿನ ಬೆಳಕು ಬಂತು. ತಿರುಗಿ ನೋಡಿದ. ನಾಲ್ಕು ಗಂಡಸರು. ಹೆಗಲ ಮೇಲೆ ಬಿದಿರು. ಬಿದಿರಿನ ಮೇಲೆ ಕಂಬಳಿ ಹೊದಿಸಿದ ಮೈ. ಹಿಂದೆ ತಲೆ ಕೆದರಿಕೊಂಡು ಓಡಿ ಬರುತ್ತಿರುವ ಹೆಂಗಸು...

ಟಾರ್ಚು ಆ ಕಡೆ ತಿರುಗಿಸಿದನಂತೆ. ಆಮೇಲೆ ನೋಡಿದರೆ ಅವನಮ್ಮ. ಚಂದ್ರಿಕೆಯ ಮೇಲೆ ಪವಿತ್ರ. ನಡೆಯಲು ಆಗಲಿಲ್ಲ, ಮಂಚ ಬಾಗಿಲಲ್ಲಿ ಹಿಡಿಸಲಿಲ್ಲ, ಕೈಗೆ ಸಿಕ್ಕಿದ್ದು ಅದು.

"ಏನೋ ನೋಡ್ತಾ ನಿಂತೆ? ಬಾಗ್ಲು ಇಳಿಸೋ!" ಅಂತ ಅಮ್ಮ ಕಿರುಚಿದಳು.

ಹಿಂದಿನ ಬಾಗಿಲ ಸರಪಳಿ ಬಿಚ್ಚಿದ. ಝಣ್ ಝಣ್. ಚಂದ್ರಿಕೆ ಒಳಗೆ ಜಾರಿಸಿದರು. ಅಮ್ಮ, ಗಂಗುಲಮ್ಮ ಹತ್ತಿ ಎರಡು ಬದಿಗೆ ಕೂತರು. ಕೇಶವ ಮುಂದೆ ಬಂದು ಕೂತ. ಸ್ಟೇರಿಂಗ್ ಮುಟ್ಟಿದ.

ಬೆಚ್ಚಗಿತ್ತು. ಒದ್ದೆ. ಗಾಡಿಯೊಳಗೆಲ್ಲ ಬೇಯಿಸಿದ ಗೂಡಿನ ವಾಸನೆ.

ಸ್ಟಾರ್ಟ್ ಮಾಡಿದ. ರಸ್ತೆಗೆ ಬಂದ. ಎರಡು ಮಾರು ಹೋದದ್ದೇ ಸ್ಟೇರಿಂಗ್ ಅವನ ಕೈಯಿಂದ ಬಿಡಿಸಿಕೊಂಡಿತು. ಎಡಕ್ಕೆ. ಬಲಕ್ಕೆ. ಗಾಡಿ ಹಾವಿನಂತೆ ಹರಿಯಿತು. ಹಿಂದೆ ಪವಿತ್ರ ಚೀರಿದಳು. ಕೇಶವ ಎಷ್ಟು ಬಲ ಇತ್ತೋ ಅಷ್ಟೂ ಹಾಕಿ ಹಿಡಿದ. ಇವನು ಹಿಡಿದಷ್ಟೂ ಅದು ಗಾಬರಿಬಿದ್ದು ಎಳೆಯಿತು. ಎಡಗಡೆ ಚರಂಡಿ. ಮುಂದೆ ಹೈವೇ. ಹೈವೇಲಿ ರಾತ್ರಿಯೆಲ್ಲ ಹೈದರಾಬಾದಿನ ಲಾರಿಗಳು.

ಅಳು ಬಂತು ಅವನಿಗೆ. ಸುಳ್ಳು ಯಾಕೆ, ಅತ್ತ.

"ಅಪ್ಪಾ ಆವಲಪ್ಪ... ನಂದು ತಪ್ಪು. ನಂಗೆ ಏನ್ ಬೇಕಾದ್ರೂ ಮಾಡು. ಹಿಂದೆ ಇರೋಳು ಏನೂ ಮಾಡಿಲ್ಲ. ಅವ್ಳಿಗೂ ಉಸಿರೈತೆ ಕಣಪ್ಪ..."

ಏನೂ ಆಗಲಿಲ್ಲ. ಎಡಕ್ಕೆ. ಬಲಕ್ಕೆ. ಕಿಚ್... ಕಿಚ್...

ಆಗ ಅವನು ಕೈ ಬಿಟ್ಟ. ಧೈರ್ಯದಿಂದ ಬಿಟ್ಟದ್ದಲ್ಲ, ಕೈಲಾಗದೆ ಬಿಟ್ಟದ್ದು. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಗ್ಲಾಸಿನಲ್ಲಿ ನೋಡುತ್ತಾ ಕೂತ.

ಸ್ಟೇರಿಂಗ್ ಎಡಕ್ಕೆ ಎರಡು ಬೆರಳು ಹೋಯಿತು. ನಿಂತಿತು. ಬಲಕ್ಕೆ... ಒಂದು ಬೆರಳು. ಎಡಕ್ಕೆ ಅರ್ಧ. ಆಮೇಲೆ... ನೆಟ್ಟಗಾಯಿತು.

ಹೈವೇಗೆ ಗಾಡಿ ತಾನೇ ನಿಧಾನ ಮಾಡಿ, ಒಂದು ಲಾರಿಯನ್ನ ಮುಂದೆ ಬಿಟ್ಟು ತಿರುಗಿತು. ಇಂಡಿಕೇಟರ್ 'ಟಿಕ್ಕು ಟಿಕ್ಕು' ಅಂದಿತು. ಇವನು ಹಾಕಿದ್ದಲ್ಲ. ಕ್ಲಚ್ಚು ತುಳಿದವನು ನಾನೋ ಅಲ್ಲವೋ ಗೊತ್ತಿಲ್ಲ, ಗೇರು ಬಿದ್ದ ಸದ್ದು ಮಾತ್ರ ಕೇಳಿಸಿತು ಅಂತಾನೆ. ಪೆರೇಸಂದ್ರ ಹಿಂದೆ ಬಿತ್ತು. ಹದಿನೆಂಟು ಕಿಲೋಮೀಟರು. ಹಿಂದೆ ಗಂಗುಲಮ್ಮ "ಉಸಿರು ಬಿಡಮ್ಮ, ಉಸಿರು ಬಿಡು" ಅನ್ನುವುದು ಕೇಳಿಸುತ್ತಿತ್ತು. ಒಂದು ಸಲ ನಾಯಿ ಅಡ್ಡ ಬಂತು. ಗಾಡಿ ಮೆಲ್ಲಗೆ ಸರಿದು ಮತ್ತೆ ನೇರಕ್ಕೆ ಬಂತು. ಎಷ್ಟು ಮೆಲ್ಲಗೆ ಅಂದರೆ ಹಿಂದಿದ್ದವರಿಗೆ ತಿಳಿಯಲೇ ಇಲ್ಲ.

ಆಸ್ಪತ್ರೆ ಗೇಟಿನ ಮುಂದೆ ನಿಂತಿತು. ಹ್ಯಾಂಡ್‌ಬ್ರೇಕು ಮೇಲೆದ್ದಿತು. ಕರ್ ಕರ್ ಕರ್... ಮೂರು ಹಲ್ಲು.

ಇನ್ನು ಕಾಲು ಗಂಟೆ ತಡವಾಗಿದ್ದರೆ ಇಬ್ಬರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ ಅಂದರಂತೆ ಡಾಕ್ಟರಮ್ಮ. ಕೊಯ್ದು ತೆಗೆದರು. ಹೆಣ್ಣು ಮಗು. ನಾಲ್ಕಕ್ಕೆ ಇನ್ನೂ ಐದು ನಿಮಿಷ ಇತ್ತು.

ಮಗುವಿನ ಮುಖ ನೋಡಿದ ಕೂಡಲೇ ಕೇಶವ ಹೊರಗೆ ಗಾಡಿಯ ಹತ್ತಿರ ಓಡಿ ಬಂದ. ಕಿಟಕಿಯಲ್ಲಿ ಕೈ ಹಾಕಿ ಸ್ಟೇರಿಂಗ್ ಮುಟ್ಟಿದ. ಒಣಗಿತ್ತು. ತಣ್ಣಗಿತ್ತು. ವಾಸನೆಯೂ ಇಲ್ಲ. ಅಲ್ಲೇ ಬಾಗಿಲಿಗೆ ಹಣೆ ಒತ್ತಿ ಮಗುವಿನ ಹಾಗೆ ಅತ್ತನಂತೆ. ಸಂತೋಷಕ್ಕಲ್ಲ. ಇನ್ನು ಯಾರ ಕೈ ಹಿಡಿದು ತಪ್ಪಾಯಿತು ಅನ್ನಲಿ ಅಂತ. ಅವತ್ತಿನಿಂದ ಇವತ್ತಿನವರೆಗೆ ಆ ಗಾಡಿಯ ಸ್ಟೇರಿಂಗ್ ಒಂದು ಕೂದಲೆಳೆಯಷ್ಟೂ ಆಡಿಲ್ಲ.

ನೀವು ಕೇಳಬಹುದು. ರಾತ್ರಿ ಗಾಬರಿ, ನಿದ್ದೆಗಣ್ಣು, ಅವನಿಗೆ ಹಾಗನ್ನಿಸಿರಬಹುದು ಅಂತ. ಹಾಗೇ ಅಂದುಕೊಳ್ಳಿ, ನಾನೂ ಬೇಡ ಅನ್ನೋದಿಲ್ಲ. ಆಗ ನಾನು ಚಿಕ್ಕಬಳ್ಳಾಪುರದಲ್ಲೇ ಇದ್ದೆ. ಬೆಳಗ್ಗೆ ಆರಕ್ಕೆ ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಆಸ್ಪತ್ರೆಗೆ ಹೋದೆ. ಗೇಟಿಗೆ ಅಡ್ಡ ನಿಂತಿದೆ, ಗಾಡಿ ತೆಗೀರಿ ಅಂತ ವಾಚ್‌ಮನ್ ಕೂಗಾಡುತ್ತಿದ್ದ. ಕೇಶವ ಕೀ ನನ್ನ ಕೈಗೆ ಕೊಟ್ಟ. ಬಾಗಿಲು ತೆಗೆದೆ. ಒಳಗೆ ಕೂರಲು ಆಗಲಿಲ್ಲ.

ಡ್ರೈವರ್ ಸೀಟು ಪೂರ್ತಿ ಮುಂದಕ್ಕೆ ಎಳೆದಿತ್ತು. ಕೊನೇ ಹಲ್ಲಿಗೆ. ನಾನು ಐದಡಿ ಆರಂಗುಲ, ನನಗೇ ಕಾಲು ತೂರಲಿಲ್ಲ. ಕೇಶವ ಆರಡಿ ಆಳು. ಆಸ್ಪತ್ರೆಯೊಳಗೆ ಹೋಗಿ ಅವನ ಪ್ಯಾಂಟು ಮೇಲಕ್ಕೆ ಸರಿಸಿ ನೋಡಿದೆ. ಎರಡೂ ಮಂಡಿ ಡ್ಯಾಶ್‌ಬೋರ್ಡಿಗೆ ಒತ್ತಿ ಒತ್ತಿ ನೀಲಿಗಟ್ಟಿದ್ದವು. ಸೀಟು ಯಾರು ಮುಂದಕ್ಕೆ ಎಳೆದದ್ದು, ನೆನಪಿದೆಯಾ ಅಂದೆ. ಅವನು ತನ್ನ ಮಂಡಿಯನ್ನ ಆಗಲೇ ಮೊದಲ ಸಲ ನೋಡಿಕೊಂಡ.

ಆ ಸೀಟನ್ನ ಹಿಂದಕ್ಕೆ ತಳ್ಳಿದವನು ನಾನು. ಈ ಕೈಯಲ್ಲೇ ಕೆಳಗಿನ ಕೊಕ್ಕೆ ಎತ್ತಿ ತಳ್ಳಿದೆ. ಟಕ್... ಟಕ್... ಟಕ್... ಟಕ್... ಟಕ್. ಐದು ಹಲ್ಲು.